ಮಗುವಿನ ಹಾರ್ಟ್ ಆಪರೇಷನ್ ಆದಮೇಲೆ ಜ್ವರ ಬಂದರೆ ಯಾವ ಆಂಟಿಬಯೋಟಿಕ್ ಒಳ್ಳೆಯದು?

ಆಪರೇಷನ್ ಆಗಿ ತಿಂಗಳು ಕಳೆದಿದೆ, ಸಂಜೆಯಾದರೆ ಜ್ವರ, ಹೊಲಿಗೆಯ ತುದಿಯಲ್ಲಿ ನೀರು, ಊರಿನ ಡಾಕ್ಟರು ಬರೆದುಕೊಟ್ಟ ಸಿರಪ್. ನೀವು ಬರೆದಿರುವುದು ನಮ್ಮ ಮನೆಯಲ್ಲಿ ನಡೆದದ್ದೇ. ಯಾವ ಸಿರಪ್ ಅಂತ ಕೇಳಲೇಬೇಡಿ. ಬ್ಲಡ್ ಕಲ್ಚರಿಗೆ, ಅಂದರೆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯುವ ಮೊದಲು ಯಾವ ಆಂಟಿಬಯೋಟಿಕ್ಕೂ ಬೇಡ, ಇವತ್ತೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೊರಡಿ.

ನನ್ನ ಮಗಳಿಗೆ ಆಗ ಎರಡು ವರ್ಷ. ಅಂಗನವಾಡಿ ತಪಾಸಣೆಯಲ್ಲಿ ಹೃದಯದ ತೂತು ಗೊತ್ತಾಗಿ, ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯಲ್ಲಿ ಬೆಂಗಳೂರಲ್ಲಿ ಆಪರೇಷನ್ ಆಯಿತು. ಊರಿಗೆ ಬಂದ ಕೆಲವು ವಾರಕ್ಕೆ ಜ್ವರ. ಸಿರಪ್ ಹಾಕಿದೆವು, ಇಳಿಯಿತು. ಸಿರಪ್ ಮುಗಿಯಿತು, ಮತ್ತೆ ಬಂತು. ಇನ್ನೊಂದು ಸಿರಪ್. ಒಂದು ದಿನ ಸ್ನಾನ ಮಾಡಿಸುತ್ತಿದ್ದ ನಮ್ಮತ್ತೆ ಗಾಬರಿಯಾಗಿ ಕೂಗಿದರು. ಕುತ್ತಿಗೆ ಕೆಳಗಿನ ಗುಳಿಯಲ್ಲಿ ನೆಲ್ಲಿಕಾಯಿ ಗಾತ್ರದ ಊತ, ಅದರ ಮೇಲಿನ ಸೋಪಿನ ನೊರೆ ನಾಡಿ ಬಡಿದಾಗಲೆಲ್ಲ ಏಳುತ್ತಿತ್ತು, ಇಳಿಯುತ್ತಿತ್ತು. ಕ್ಲಿನಿಕ್ಕಿನಲ್ಲಿ ಕೀವು ಕಟ್ಟಿದೆ, ಸೂಜಿ ಚುಚ್ಚಿ ತೆಗೆಯೋಣ ಅಂದರು. ಅತ್ತೆ ಬಿಲ್ಕುಲ್ ಒಪ್ಪಲಿಲ್ಲ. ಅದು ಕೀವಲ್ಲ, ರಕ್ತ. ಒಪ್ಪಿದ್ದರೆ ಮಗಳು ಅಲ್ಲೇ ರಕ್ತ ಹೋಗಿ ತೀರಿಕೊಳ್ಳುತ್ತಿದ್ದಳು.

ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಷೀನಿನ ಕೊಳವೆ ಕೂರಿಸಲು ಮಹಾಅಪಧಮನಿಗೆ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ, ರಂಧ್ರ ಮಾಡಿ ಹೊಲಿದಿರುತ್ತಾರೆ. ಆ ಹೊಲಿಗೆಗೆ ಸೋಂಕು ತಗಲಿ ಗೋಡೆ ಕರಗಿತ್ತು. ಹೊರಗೆ ಸೋರಿದ ರಕ್ತವನ್ನು ಸುತ್ತಲಿನ ಅಂಗಾಂಶವಷ್ಟೇ ಹಿಡಿದಿಟ್ಟಿತ್ತು. ಇದಕ್ಕೆ ಸ್ಯೂಡೋಅನ್ಯೂರಿಸಂ ಅನ್ನುತ್ತಾರೆ. ಅಪರೂಪ, ಆದರೆ ಒಡೆದರೆ ಮಗು ಉಳಿಯುವುದು ಕಷ್ಟ. ಎದೆಮೂಳೆ ಮತ್ತೆ ಕೊಯ್ಯುವಾಗಲೇ ಒಡೆಯುವ ಭಯವಿತ್ತು. ಅದಕ್ಕೇ ಮೊದಲು ಕುತ್ತಿಗೆ, ತೊಡೆಸಂದಿಯ ರಕ್ತನಾಳಗಳಿಂದ ಮಷೀನಿಗೆ ಜೋಡಿಸಿಕೊಂಡು, ಆಮೇಲೆ ಎದೆ ತೆರೆದು, ಕೆಟ್ಟ ಭಾಗ ತೆಗೆದು ಪ್ಯಾಚ್ ಹಾಕಿದರು.

ಸಿರಪ್ ಏನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ, ನಮಗೆ ಯಾರೂ ಹೇಳಿರಲಿಲ್ಲ. ರಕ್ತದಲ್ಲಿ ಓಡಾಡುತ್ತಿದ್ದ ಬ್ಯಾಕ್ಟೀರಿಯಾವನ್ನು ಅದು ಅಡಗಿಸಿತು, ಗೋಡೆಯೊಳಗಿನದನ್ನು ಮುಟ್ಟಲಿಲ್ಲ. ಜ್ವರ ಇಳಿದಿದ್ದ ದಿನಗಳಲ್ಲೂ ಗೋಡೆ ಕರಗುತ್ತಲೇ ಇತ್ತು. ಸಿರಪ್ ಆಗಲೇ ಹೊಟ್ಟೆಗೆ ಹೋಗಿದ್ದರಿಂದ ಬೆಂಗಳೂರಲ್ಲಿ ಕಲ್ಚರಿಗೆ ಹಾಕಿದರೆ ಏನೂ ಬೆಳೆಯಲಿಲ್ಲ, ತೆಗೆದ ತುಣುಕಿನಲ್ಲೂ ಇಲ್ಲ. ಇಂಥ ಕಡೆ ಹೆಚ್ಚಾಗಿ ಸಿಗುವುದು ಸ್ಟಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಅದೇ ಅಂತ ಖಚಿತವಾಗಿದ್ದರೆ ಅದಕ್ಕೆ ತಕ್ಕ ಔಷಧವನ್ನಷ್ಟೇ ಕೊಡಬಹುದಿತ್ತು. ಖಚಿತವಾಗದ್ದರಿಂದ ವ್ಯಾಂಕೊಮೈಸಿನ್, ಜೆಂಟಾಮೈಸಿನ್ ಎರಡನ್ನೂ ವಾರಗಟ್ಟಲೆ ಡ್ರಿಪ್ಪಿನಲ್ಲಿ ಕೊಟ್ಟರು. ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಲ್ಲ ಔಷಧಗಳವು. ಕಿಡ್ನಿ ಉಳಿಯಿತು. ಕಿವಿ ಮಂದವಾಗಿದೆ ಅಂತ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಗೊತ್ತಾಯಿತು. ಈಗ ಎರಡೂ ಕಿವಿಗೆ ಮಷೀನ್ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ.

ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಂಡು ಹೋಗಿ. ಸಿರಪ್ ಆಗಲೇ ಶುರುವಾಗಿದ್ದರೆ ಬಾಟಲಿಯನ್ನೂ ಒಯ್ದು, ಎಷ್ಟು ಸಲ ಕೊಟ್ಟಿರಿ ಅಂತ ಮುಚ್ಚಿಡದೆ ಹೇಳಿ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಏನೂ ಕಾಣದೆ ಜ್ವರ ಮುಂದುವರಿದರೆ ಸಿ.ಟಿ. ಆಂಜಿಯೋ (ರಕ್ತನಾಳಗಳ ಸಿ.ಟಿ. ಸ್ಕ್ಯಾನ್) ಬೇಕಾ ಅಂತ ಬಾಯಿಬಿಟ್ಟು ಕೇಳಿ, ಎಕೋ ಕಣ್ಣಿಗೆ ಸ್ಯೂಡೋಅನ್ಯೂರಿಸಂ ತಪ್ಪಿಸಿಕೊಳ್ಳುವುದುಂಟು. ಗಾಯದಿಂದ ಒಂದು ಚಮಚದಷ್ಟು ರಕ್ತ ಬಂದು ತಾನಾಗಿ ನಿಂತರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.