ಸ್ಟಾಫರ್ಡ್‌ಗೆ ಕೊಟ್ಟ ಬೆಲೆ ಜಾಸ್ತಿಯಾಯಿತಾ?

2021ರಲ್ಲಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡೆಟ್ರಾಯಿಟ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಸ್ಟಾಫರ್ಡ್‌ಗಾಗಿ ಲಾಸ್ ಏಂಜಲೀಸ್‌ನ ರಾಮ್ಸ್ ತಂಡ ಜಾಸ್ತಿ ಬೆಲೆ ಕೊಟ್ಟಿತಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲ. ತಮ್ಮ ಕ್ವಾರ್ಟರ್‌ಬ್ಯಾಕ್ ಗಾಫ್ ಜೊತೆಗೆ ಎರಡು ಮೊದಲ ಸುತ್ತಿನ, ಒಂದು ಮೂರನೇ ಸುತ್ತಿನ ಡ್ರಾಫ್ಟ್ ಆಯ್ಕೆ (ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹಕ್ಕು) ಕೊಟ್ಟರು, ನಿಜ. ಆದರೆ ಮೊದಲ ಸೀಸನ್‌ನಲ್ಲೇ ಸಿನ್ಸಿನಾಟಿಯನ್ನು 23-20ರಿಂದ ಸೋಲಿಸಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡುವುದು?

ಹಾಗಂತ ಡೆಟ್ರಾಯಿಟ್‌ಗೆ ನಷ್ಟವಾಯಿತು ಎಂದರೆ ನಾನು ಒಪ್ಪುವುದಿಲ್ಲ. 2023ರಲ್ಲಿ ರಾಮ್ಸ್‌ನಿಂದ ಸಿಕ್ಕಿದ್ದು ಡ್ರಾಫ್ಟ್‌ನ ಆರನೇ ಸ್ಥಾನ. ಅದನ್ನೂ ಇನ್ನೊಂದು ಆಯ್ಕೆಯನ್ನೂ ಅರಿಜೋನಾ ತಂಡಕ್ಕೆ ಕೊಟ್ಟು, ಬದಲಿಗೆ ಸಿಕ್ಕ 12ನೇ ಸ್ಥಾನದಲ್ಲಿ ಗಿಬ್ಸ್, 34ರಲ್ಲಿ ಲಪೋರ್ಟಾ, ಹೀಗೆ ಇಬ್ಬರು ಹೊಸ ಆಟಗಾರರನ್ನು ಹಿಡಿದರು. ಇನ್ನು ಗಾಫ್! ಎಲ್ಲರೂ ಸುಮ್ನೆ ಹೊರೆ ಎಂದುಕೊಂಡಿದ್ದವನು, 2024ರ ಜನವರಿಯಲ್ಲಿ ತನ್ನ ಹಳೇ ತಂಡವನ್ನೇ 24-23ರಿಂದ ಸೋಲಿಸಿದ. 32 ವರ್ಷದ ನಂತರ ಡೆಟ್ರಾಯಿಟ್‌ಗೆ ಸಿಕ್ಕ ಪ್ಲೇಆಫ್ ಗೆಲುವು ಅದು. ಆ ರಾತ್ರಿ ಸ್ಟೇಡಿಯಂನಲ್ಲಿ ಜನ ಅವನ ಹೆಸರನ್ನೇ ಕೂಗುತ್ತಿದ್ದರು.