ಪ್ರಕರಣ: ಭೌತಶಾಸ್ತ್ರವೋ, ಕಂಪ್ಯೂಟರ್ ಸೈನ್ಸೋ?

(ಗುರುತು ಸಿಗದಂತೆ ಹೆಸರು, ಊರು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದೆ.)

ಮೇಘನಾ ಹಾಸನ ಜಿಲ್ಲೆಯ ಹುಡುಗಿ, ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್). ಮುಂದೆ ಏನು ಓದಬೇಕೆಂದು ಸಲಹೆ ಕೇಳಲು ಜನವರಿಯಲ್ಲಿ ಅಪ್ಪ ಅಮ್ಮನ ಜೊತೆ ನನ್ನ ಬಳಿ ಬಂದಿದ್ದಳು. ಮೊದಲ ಅರ್ಧ ಗಂಟೆ ಮಾತೆಲ್ಲ ಅಪ್ಪನದೇ. "ಸಿಇಟಿಯಲ್ಲಿ ರ‍್ಯಾಂಕ್ ಬರದಿದ್ದರೂ ಚಿಂತೆಯಿಲ್ಲ ಮೇಡಂ. ಒಂದು ಸೈಟಿದೆ, ಮಾರಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಾದರೂ ಕಂಪ್ಯೂಟರ್ ಸೈನ್ಸ್ ಕೊಡಿಸುತ್ತೇನೆ. ಇವಳು ಫಿಸಿಕ್ಸ್ ಎಂದು ಹಟ ಹಿಡಿದಿದ್ದಾಳೆ. ಬಿ.ಎಸ್ಸಿ. ಮಾಡಿದರೆ ಯಾರು ಕೆಲಸ ಕೊಡುತ್ತಾರೆ?"

ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿದೆ. ಕಪ್ಪುಕುಳಿ, ಇಸ್ರೊ, ಯೂಟ್ಯೂಬ್ ವಿಡಿಯೊ. ನನ್ನ ಬಳಿ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಹೇಳುವುದು ಇದನ್ನೇ. ಕಪ್ಪುಕುಳಿಯ ವಿಡಿಯೊ ನೋಡುವುದು ಸುಖ. ಪದವಿಯ ಮೂರು ವರ್ಷ ನಡೆಯುವುದು ಸಮೀಕರಣ, ಪ್ರಯೋಗಾಲಯದ ರೆಕಾರ್ಡು ಮತ್ತು ಹೊಂದದ ಉತ್ತರಗಳ ಜೊತೆ. ಕಂಪ್ಯೂಟರ್ ಸೈನ್ಸ್ ಏಕೆ ಬೇಡ ಎಂದರೆ, "ಎಲ್ಲರೂ ಅದನ್ನೇ ತೆಗೆದುಕೊಳ್ಳುತ್ತಾರೆ" ಎಂದಳು. ಅದೂ ಕಾರಣವಲ್ಲ.

ಆಸಕ್ತಿ ಅಳೆಯುವ ಪ್ರಶ್ನಾವಳಿಗಳಲ್ಲಿ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಒಂದು ಕೆಲಸ ಕೊಟ್ಟೆ. ಪ್ರಯೋಗಾಲಯದಲ್ಲಿ ಸರಳ ಲೋಲಕವನ್ನು (ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡು) ಸ್ವಲ್ಪವೇ ಎಳೆದು ಬಿಡಬೇಕು ಎನ್ನುತ್ತಾರಲ್ಲ, 60 ಡಿಗ್ರಿ ಎಳೆದು ಬಿಟ್ಟರೆ ಏನಾಗುತ್ತದೆ? ಒಂದು ಸಲ ಹೋಗಿ ಬರಲು ಪುಸ್ತಕದ ಸೂತ್ರಕ್ಕಿಂತ ಎಷ್ಟು ಹೆಚ್ಚು ಕಾಲ ಹಿಡಿಯುತ್ತದೆಂದು ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಲೆಕ್ಕ ಹಾಕಿ, ಎರಡು ವಾರ ಬಿಟ್ಟು ತಾ ಎಂದೆ.

ಉತ್ತರ ಸುಮಾರು 7 ಶೇಕಡಾ ಹೆಚ್ಚು. ಅದು ಅವಳಿಗೆ ಸಿಕ್ಕಿತ್ತು. ಆದರೆ ಅವಳು ತಂದ ನೋಟ್‌ಬುಕ್ಕಿನ ಹೆಚ್ಚಿನ ಪುಟಗಳಲ್ಲಿದ್ದದ್ದು ಬೇರೆಯೇ ಗೋಳು. ಅವಳ ಮೊದಲ ಪ್ರೋಗ್ರಾಂನಲ್ಲಿ ಲೋಲಕ ಪ್ರತಿ ಸಲ ಹಿಂದಿನದಕ್ಕಿಂತ ಮೇಲಕ್ಕೆ ಹೋಗುತ್ತಿತ್ತು. "ಪ್ರೋಗ್ರಾಂ ಓಡುತ್ತಿದೆ, ಎರರ್ ತೋರಿಸುತ್ತಿಲ್ಲ. ಆದರೆ ಎಲ್ಲಿಂದಲೋ ಶಕ್ತಿ ಬರುತ್ತಿದೆ ಮೇಡಂ!" ಪ್ರೋಗ್ರಾಂ ಒಂದೊಂದು ಸಲ ಲೆಕ್ಕ ಹಾಕಿ ಮುಂದೆ ಸಾಗುವ ಕಾಲದ ಹೆಜ್ಜೆಯನ್ನು ಚಿಕ್ಕದು ಮಾಡಿದ್ದಾಳೆ, ಕಾಟ ಕಡಿಮೆಯಾಗಿದೆ, ಹೋಗಿಲ್ಲ. ಕಾಲೇಜಿನ ಮೇಷ್ಟ್ರು ಎರಡು ಸಾಲುಗಳನ್ನು ಹಿಂದುಮುಂದು ಮಾಡಲು ಹೇಳಿಕೊಟ್ಟಿದ್ದಾರೆ: ಮೊದಲು ವೇಗ, ಆ ಹೊಸ ವೇಗದಿಂದ ಸ್ಥಾನ. ಲೋಲಕ ಹದಕ್ಕೆ ಬಂದಿದೆ. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಅವಳು ಬಿಡದೆ, ಸಾಲು ಬದಲಿಸಿದರೆ ಶಕ್ತಿ ಏಕೆ ನಿಲ್ಲಬೇಕೆಂದು ನಾಲ್ಕು ಪುಟ ಗೀಚಿದ್ದಳು. ಅರ್ಧ ತಪ್ಪು ಎಂದು ಅವಳೇ ಹೇಳಿದಳು.

ಕಪ್ಪುಕುಳಿಗಿಂತ ಈ ನಾಲ್ಕು ಪುಟವೇ ನನಗೆ ಮುಖ್ಯವಾಯಿತು. ಕೋಡ್ ಬರೆಯುವುದು ಅವಳಿಗೆ ಕಷ್ಟವಲ್ಲ, ಬೇಸರವೂ ಅಲ್ಲ. ಆದರೆ ಅವಳನ್ನು ರಾತ್ರಿ ಎಚ್ಚರವಿಟ್ಟದ್ದು ಶಕ್ತಿಯ ಪ್ರಶ್ನೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದವರಿಗೆ ಭೌತಶಾಸ್ತ್ರ ಸಿಗುವುದು ಮೊದಲ ವರ್ಷದ 'ಫಿಸಿಕ್ಸ್ ಸೈಕಲ್'ನಲ್ಲಿ. ಆಮೇಲೆ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್.

ಹೆತ್ತವರೊಡನೆ ಮಾತಾಡಿದ್ದು ಹೆಚ್ಚಾಗಿ ದುಡ್ಡಿನ ಬಗ್ಗೆ. ಭೌತಶಾಸ್ತ್ರದ ದಾರಿ ಉದ್ದ: ಬಿ.ಎಸ್ಸಿ., ಎಂ.ಎಸ್ಸಿ., ಪಿಎಚ್‌.ಡಿ. ಮುಗಿಯುವಾಗ ಮೂವತ್ತರ ಹತ್ತಿರ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾಗಿ, ಸಂಶೋಧನೆಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅದು ಎಲ್ಲರಿಗೂ ಸಿಗುವುದಿಲ್ಲ. ಇಪ್ಪತ್ತೆರಡಕ್ಕೇ ಮಗಳ ಸಂಬಳ ಬರಲೇಬೇಕಾದ ಮನೆಯಾಗಿದ್ದರೆ ಬೇರೆ ಸಲಹೆ ಕೊಡುತ್ತಿದ್ದೆ. ಇವರಿಗೆ ಸಾಲವಿಲ್ಲ, ತಂದೆಯ ಸರ್ವಿಸ್ ಇನ್ನೂ ಇದೆ, ತಮ್ಮ ಎಂಟನೇ ತರಗತಿ.

ಸೈಟಿನ ವಿಷಯದಲ್ಲಿ ಮಾತ್ರ ಕಡ್ಡಿ ಮುರಿದಂತೆ ಹೇಳಿದೆ: ಮಾರಬೇಡಿ. ಒಳ್ಳೆಯ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಆ ಮಾತು ಬೇರೆ. ಪಾಠ ಹೇಗಿದೆ, ಪ್ಲೇಸ್‌ಮೆಂಟ್ ಹೇಗಿದೆ ಎಂದು ವಿಚಾರಿಸದೆ, ಬೋರ್ಡಿನ ಮೇಲೆ ಕಂಪ್ಯೂಟರ್ ಸೈನ್ಸ್ ಎಂದಿದೆಯೆಂಬ ಒಂದೇ ಕಾರಣಕ್ಕೆ ಲಕ್ಷಗಟ್ಟಲೆ ಸುರಿಯುವುದು ಮಗಳ ಭವಿಷ್ಯಕ್ಕೂ ಭದ್ರತೆಯಲ್ಲ, ನಿಮ್ಮ ಮುಪ್ಪಿಗೂ ಅಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಆಗ ಕೇಳಿದರು: "ಎರಡು ವರ್ಷ ಓದಿದ ಮೇಲೆ ಇವಳಿಗೇ ಸಾಕೆನಿಸಿದರೆ?" ಆ ದಿನದ ಅತ್ಯುತ್ತಮ ಪ್ರಶ್ನೆ. ಅದಕ್ಕೇ ಬಿ.ಎಸ್ಸಿ. ಸೇರುವುದಾದರೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಮೂರೂ ಇರುವ ಕಾಂಬಿನೇಷನ್ ಹಿಡಿಯಲು ಹೇಳಿದೆ. ಗಣಿತ ಓದಿದ ಪದವೀಧರರಿಗೆ ಎರಡು ವರ್ಷದ ಎಂಸಿಎ (ಕಂಪ್ಯೂಟರ್ ವಿಷಯದ ಸ್ನಾತಕೋತ್ತರ ಪದವಿ) ತೆರೆದಿರುತ್ತದೆ. ಎಂಜಿನಿಯರಿಂಗ್ ಮುಗಿಸಿ ಭೌತಶಾಸ್ತ್ರಕ್ಕೆ ಬಂದವರೂ ಇದ್ದಾರೆ, ಆದರೆ ಕ್ವಾಂಟಂ ಮೆಕ್ಯಾನಿಕ್ಸ್ ಅನ್ನು ಸ್ವಂತವಾಗಿ ಓದಿಕೊಂಡೇ ಬರಬೇಕು.

ಮೊದಲ ಆಯ್ಕೆಯಾಗಿ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಐದು ವರ್ಷದ ಬಿಎಸ್-ಎಂಎಸ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ ಇಟ್ಟೆವು. ಐಸರ್ ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಪಿಯುಸಿ ಫಲಿತಾಂಶಕ್ಕೆ ಕಾಯದೆ ಹಾಕಲು ಹೇಳಿದೆ. ಎಷ್ಟೋ ಮಕ್ಕಳು ಗಡುವು ಮುಗಿದ ಮೇಲೆ ಬಂದು ಕೇಳುತ್ತಾರೆ. ಸಿಇಟಿಯೂ ಬರೆಯಲಿ. ಆದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಅಪ್ಪ ಮಗಳು ಕೂತು ಒಪ್ಪಿದ ಕಾಲೇಜುಗಳನ್ನಷ್ಟೇ ಹಾಕಬೇಕು, ಗಾಬರಿಯಲ್ಲಿ ಪಟ್ಟಿ ಉದ್ದ ಮಾಡಬಾರದು.

ಐಸರ್ ಸಿಗಲಿಲ್ಲ. ಸಿಇಟಿ ರ‍್ಯಾಂಕ್ ಪಟ್ಟಿಯಲ್ಲಿದ್ದ ಕಾಲೇಜುಗಳಿಗೆ ಸಾಲಲಿಲ್ಲ. ಒಂದು ದಿನ ಅತ್ತು, ಮೇಘನಾ ಮೈಸೂರಿನಲ್ಲಿ ಆ ಮೂರು ವಿಷಯಗಳ ಬಿ.ಎಸ್ಸಿ. ಸೇರಿದಳು. ಅಪ್ಪ ಈಗಲೂ ಫೋನ್ ಮಾಡಿ ಎಂಸಿಎ ಬಗ್ಗೆಯೇ ವಿಚಾರಿಸುತ್ತಾರೆ. ಎರಡನೇ ವರ್ಷ ಮುಗಿದಾಗ ಮೂವರೂ ಬನ್ನಿ ಎಂದಿದ್ದೇನೆ; ಎಂ.ಎಸ್ಸಿ. ಪ್ರವೇಶದ ಜ್ಯಾಮ್ ಪರೀಕ್ಷೆಗೆ ಓದುವುದೋ ಎಂಸಿಎ ಪ್ರವೇಶಕ್ಕೋ ಎಂಬುದನ್ನು ಆಗ ಅವಳ ಅಂಕಪಟ್ಟಿ ಮುಂದಿಟ್ಟುಕೊಂಡು ಮಾತಾಡಬೇಕು.