ಕಿತ್ತಳೆ ಸುಲಿದ ಸಾಲು ಲೇಖನದಲ್ಲಿ ಯಾಕಿಲ್ಲ?

ಪ್ರಿಯರೇ, ನಮಸ್ಕಾರ.

ನಿಮ್ಮ ‘ಬೈಬಲ್ ಮತ್ತು ಬೆತ್ತ’ ಲೇಖನ ತಲುಪಿತು. ಆರು ಪುಟ. ಒಂದು ಸಲ ಆಫೀಸಿನಲ್ಲಿ ಓದಿದೆ, ಇನ್ನೊಂದು ಸಲ ಹಾಸನದಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಬರೆಯಲು ಬಾರದವರಿಗೆ ನಾನು ಎರಡು ಸಾಲಿನ ಕಾರ್ಡು ಹಾಕಿ ಸುಮ್ಮನಾಗುತ್ತೇನೆ.

ನೀವು ಫೋನಿನಲ್ಲಿ ಒಪ್ಪಿದ ಹಾಗೆ ಈ ಉತ್ತರವನ್ನು ‘ಬರಹಗಾರರಿಗೆ ಸಲಹೆ’ ಅಂಕಣದಲ್ಲೇ ಹಾಕುತ್ತಿದ್ದೇನೆ. ಹೆಸರು ತೆಗೆದಿದ್ದೇನೆ. ಇನ್ನೂ ಕೆಲವು ಗುರುತು ಬದಲಿಸಿದ್ದೇನೆ, ಅದರ ಮಾತು ಮುಂದೆ ಬರುತ್ತದೆ.

ಮಿಕ್ಕ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಲೇಖನ ಇರುವುದು ಅಮೆರಿಕದ ಮೂರು ಸಿನಿಮಾಗಳ ಬಗ್ಗೆ. ಹುಡುಗನಿಗೆ ಹುಡುಗನ ಮೇಲೆ, ಹುಡುಗಿಗೆ ಹುಡುಗಿಯ ಮೇಲೆ ಮನಸ್ಸಾದರೆ ಅದನ್ನು ದೇವರ ಹೆಸರಿನಲ್ಲಿ ‘ವಾಸಿ’ ಮಾಡುತ್ತೇವೆ ಅನ್ನುವ ಶಿಬಿರಗಳು ಅಲ್ಲಿದ್ದವು. ಹದಿಹರೆಯದ ಮಕ್ಕಳನ್ನು ಅಲ್ಲಿಗೆ ಕಳಿಸುವ ಕತೆಗಳು ಇವು. 1999ರ ‘ಬಟ್ ಐ ಆ್ಯಮ್ ಎ ಚಿಯರ್‌ಲೀಡರ್’, 2018ರ ‘ದಿ ಮಿಸ್‌ಎಜುಕೇಶನ್ ಆಫ್ ಕ್ಯಾಮರೂನ್ ಪೋಸ್ಟ್’, ಅದೇ ವರ್ಷದ ‘ಬಾಯ್ ಇರೇಸ್ಡ್’.

ಮೊದಲು ತಪ್ಪುಗಳನ್ನು ಮುಗಿಸೋಣ. ‘ಕ್ಯಾಮರೂನ್ ಪೋಸ್ಟ್‌ಗೆ ಬೈಬಲ್ಲಿನಿಂದ ಹೊಡೆಯುತ್ತಾರೆ’ ಅಂತ ಬರೆದಿದ್ದೀರಿ. ಹೊಡೆತ ತಿನ್ನುವ ಕ್ಯಾಮರೂನ್ ಬೇರೆ, ಅವನು ‘ಬಾಯ್ ಇರೇಸ್ಡ್’ನ ಹುಡುಗ. ಕ್ಯಾಮರೂನ್ ಪೋಸ್ಟ್ ಹುಡುಗಿ. ಎರಡು ಸಿನಿಮಾದ ಇಬ್ಬರು ಕ್ಯಾಮರೂನ್‌ಗಳನ್ನು ಒಬ್ಬರೇ ಮಾಡಿಬಿಟ್ಟಿದ್ದೀರಿ. ಅಂದರೆ ಒಂದನ್ನು ಪೂರ್ತಿ ನೋಡಿಲ್ಲ ಅಂತ ನನ್ನ ಗುಮಾನಿ. ಇನ್ನು ಬೆತ್ತ ಅನ್ನುವುದು ಮೂರರಲ್ಲೂ ಇಲ್ಲ.

‘2018ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ಚಿಕಿತ್ಸೆಯನ್ನು ನಿಷೇಧಿಸಿತು’ ಅಂದಿದ್ದೀರಿ. ಇಲ್ಲ. 2018ರ ಸೆಪ್ಟೆಂಬರ್ 6ರಂದು ಕೋರ್ಟ್ ಹೇಳಿದ್ದು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಕೂಡಿದರೆ ಅದು 377ನೇ ಸೆಕ್ಷನ್ನಿನ ಅಪರಾಧ ಅಲ್ಲ ಅಂತ. ಚಿಕಿತ್ಸೆಯ ಮಾತು ಬಂದದ್ದು ಮದ್ರಾಸ್ ಹೈಕೋರ್ಟಿನಲ್ಲಿ, 2021ರ ಜೂನ್ 7ರಂದು. ಮನೆಯವರಿಗೆ ಹೆದರಿ ಊರು ಬಿಟ್ಟು ಬಂದಿದ್ದ ಇಬ್ಬರು ಯುವತಿಯರ ಕೇಸು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ತಮಗೇ ಈ ವಿಷಯ ಸರಿಯಾಗಿ ಗೊತ್ತಿಲ್ಲ ಅಂತ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಎದುರು ತಾವೇ ಹೋಗಿ ಕೂತು ಕೇಳಿ ತಿಳಿದುಕೊಂಡು, ಆಮೇಲೆ ಇಂಥ ಚಿಕಿತ್ಸೆ ಕೂಡದು ಅಂತ ಆದೇಶ ಬರೆದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಚಿಕಿತ್ಸೆ ವೈದ್ಯರ ವೃತ್ತಿಗೆ ತಕ್ಕದ್ದಲ್ಲದ ನಡತೆ ಅಂತ ಹೇಳಿತು. ವೈದ್ಯರ ನಡತೆ, ಗಮನಿಸಿ. ತಾಯತ ಕಟ್ಟುವವರಿಗೆ ಆಯೋಗದ ಸುತ್ತೋಲೆ ತಲುಪುವುದಿಲ್ಲ. ನಿಮ್ಮ ಲೇಖನಕ್ಕೆ ಬೇಕಿದ್ದ ವಿಷಯ ಇರುವುದೇ ಈ ಸಂದಿಯಲ್ಲಿ. ನೀವು ಅದನ್ನು ಹಾರಿ ಹೋಗಿದ್ದೀರಿ.

‘ಕನ್ನಡ ಸಿನಿಮಾ ಇಂಥವರನ್ನು ಮುಟ್ಟಿಯೇ ಇಲ್ಲ’ ಅನ್ನುವ ಸಾಲನ್ನೂ ಹೊಡೆದುಹಾಕಿದ್ದೇನೆ. ಕಡೂರು ತಾಲ್ಲೂಕಿನ ಸಂಚಾರಿ ವಿಜಯ್ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದವರು. ಅದು ಗಂಡಾಗಿ ಹುಟ್ಟಿ ಹೆಣ್ಣಾದವರ ಕತೆ, ನಿಮ್ಮ ವಿಷಯವಲ್ಲ, ಒಪ್ಪಿದೆ. ಆದರೂ ‘ಮುಟ್ಟಿಯೇ ಇಲ್ಲ’ ಅನ್ನುವ ಮೊದಲು ಪಕ್ಕದ ಜಿಲ್ಲೆಯನ್ನಾದರೂ ನೋಡಬೇಕಲ್ವಾ?

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಮೊದಲ ಪುಟದಲ್ಲೇ ‘ಅಮಾನವೀಯ’ ನಾಲ್ಕು ಸಲ ಇದೆ, ‘ಕ್ರೌರ್ಯ’ ಮೂರು ಸಲ. ಬಸ್ಸಿನಲ್ಲಿ ಬೇರೆ ಕೆಲಸ ಇರಲಿಲ್ಲ, ಎಣಿಸಿದೆ. ಆದರೆ ಈ ಸಿನಿಮಾಗಳಲ್ಲಿ ಯಾರೂ ಅಂಥ ಮಾತು ಆಡುವುದಿಲ್ಲ. ಶಿಬಿರಗಳ ಹೆಸರನ್ನೇ ನೋಡಿ. ಕ್ಯಾಮರೂನ್ ಪೋಸ್ಟ್‌ಳನ್ನು ಬಿಡುವ ಜಾಗ ‘ಗಾಡ್ಸ್ ಪ್ರಾಮಿಸ್’. ನಮ್ಮ ಕಡೆಯ ಕ್ರೈಸ್ತರ ಮಾತಿನಲ್ಲಿ ದೇವರ ವಾಗ್ದಾನ. ಚಿಯರ್‌ಲೀಡರ್ ಹುಡುಗಿ ಹೋಗುವುದು ‘ಟ್ರೂ ಡೈರೆಕ್ಷನ್ಸ್’ಗೆ, ಅಂದರೆ ಸರಿದಾರಿ. ‘ಬಾಯ್ ಇರೇಸ್ಡ್’ನ ಶಿಬಿರದ ಹೆಸರು ‘ಲವ್ ಇನ್ ಆ್ಯಕ್ಷನ್’. ಅದಂತೂ ಕಟ್ಟುಕತೆಯ ಹೆಸರೂ ಅಲ್ಲ, ಟೆನೆಸ್ಸಿಯ ಮೆಂಫಿಸ್‌ನಲ್ಲಿ ನಿಜವಾಗಿಯೂ ಇದ್ದ ಸಂಸ್ಥೆ. 2004ರಲ್ಲಿ ಅಲ್ಲಿಗೆ ಹೋಗಿ ಬಂದ ಗ್ಯಾರಾರ್ಡ್ ಕಾನ್ಲಿ ಬರೆದ ಆತ್ಮಕಥನವೇ ಸಿನಿಮಾ ಆದದ್ದು. ಎಲ್ಲ ಹೆಸರೂ ಮುದ್ದುಮುದ್ದು. ನಮ್ಮೂರಲ್ಲಿ ಇದಕ್ಕಿರುವ ಮಾತೂ ಹಾಗೇ ಮೆತ್ತಗಿದೆ: ‘ಹುಡುಗನ್ನ ಒಂದ್ಸಲ ತೋರಿಸ್ಕೊಂಡು ಬರೋಣ.’ ಯಾರಿಗೆ, ಯಾಕೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ಕೇಳಿಸಿಕೊಂಡವರಿಗೆ ಅರ್ಥ ಆಗಿರುತ್ತದೆ.

ಕ್ಯಾಮರೂನ್ ಪೋಸ್ಟ್ ಚಿತ್ರದ ಆ ಹಾಳೆಯನ್ನು ನೆನಪು ಮಾಡಿಕೊಳ್ಳಿ. ನೀರಿನ ಮೇಲೆ ತುದಿ ಮಾತ್ರ ಕಾಣುವ ದೊಡ್ಡ ಮಂಜುಗಡ್ಡೆಯ ಚಿತ್ರ, ಜೆರಾಕ್ಸ್ ಮಾಡಿಸಿದ್ದು. ಒಬ್ಬೊಬ್ಬರಿಗೂ ಒಂದೊಂದು. ಮೇಲಿನ ತುದಿ ನಿನ್ನ ಪಾಪ. ಕೆಳಗೆ ಮುಳುಗಿರುವ ಭಾಗದಲ್ಲಿ ಆ ಪಾಪಕ್ಕೆ ಕಾರಣ ಏನೇನು ಅಂತ ನೀನೇ ಬರೆಯಬೇಕು. ಬರೆದದ್ದನ್ನು ಕೋಣೆಯ ಗೋಡೆಗೆ ಹಾಕಿಕೊಳ್ಳಬೇಕು. ಒಬ್ಬ ಹುಡುಗಿಗೆ ಅಪ್ಪನ ಜೊತೆ ಕೂತು ಫುಟ್‌ಬಾಲ್ ನೋಡಿದ್ದೂ ಕಾರಣದ ಪಟ್ಟಿಗೆ ಸೇರುತ್ತದೆ. ಮನೆಯಲ್ಲಿ ಖುಷಿಯಾಗಿದ್ದ ಒಂದು ಸಂಜೆಯನ್ನು ರೋಗದ ಲಕ್ಷಣ ಅಂತ ತಾನೇ ಕೈಯಾರೆ ಬರೆಯುವುದು ಅಂದರೆ ಏನು ಅಂತ ಯೋಚಿಸಿ. ನೀವು ಇದನ್ನು ‘ಮಾನಸಿಕ ಹಿಂಸೆಯ ತಂತ್ರ’ ಅಂತ ಮೂರು ಪದದಲ್ಲಿ ಮುಗಿಸಿದ್ದೀರಿ. ಆ ಹಾಳೆಯನ್ನು ಓದುವವರ ಕೈಗೇ ಕೊಡಬೇಕಿತ್ತು, ಪೆನ್ಸಿಲ್ ಸಮೇತ.

ಅದೇ ಚಿತ್ರದ ಕೊನೆಯ ಹೊತ್ತಿಗೆ ಸರ್ಕಾರದ ಕಡೆಯಿಂದ ಒಬ್ಬ ವಿಚಾರಣೆಗೆ ಬರುತ್ತಾನೆ. ಇಲ್ಲಿ ನಿಮಗೆ ಯಾರಾದರೂ ತೊಂದರೆ ಕೊಡುತ್ತಾರಾ ಅಂತ ಕೇಳುತ್ತಾನೆ. ಅಲ್ಲಿ ಯಾರೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ನಿನ್ನನ್ನೇ ನೀನು ಹೇಸಿಕೊಳ್ಳಬೇಕು ಅಂತ ದಿನಾ ಕಲಿಸುವುದು ತೊಂದರೆ ಅಲ್ಲವಾ ಅಂತ ಕ್ಯಾಮರೂನ್ ತಿರುಗಿ ಕೇಳುತ್ತಾಳೆ. ಅವನ ಫಾರಂನಲ್ಲಿ ಅದಕ್ಕೆ ಜಾಗ ಇದ್ದ ಹಾಗೆ ಕಾಣುವುದಿಲ್ಲ. ನಿಮ್ಮ ಲೇಖನದಲ್ಲಿ ಈ ದೃಶ್ಯವೇ ಇಲ್ಲ!

‘ಚಿಯರ್‌ಲೀಡರ್ ಈ ಗಂಭೀರ ವಿಷಯವನ್ನು ಹಗುರ ಮಾಡಿದೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಗಳು ದಾರಿ ತಪ್ಪಿದ್ದಾಳೆ ಅನ್ನಲು ಆ ಮನೆಯವರು ಕೊಡುವ ಪುರಾವೆಗಳಲ್ಲಿ ಅವಳು ಮಾಂಸ ತಿನ್ನುವುದಿಲ್ಲ ಅನ್ನುವುದೂ ಒಂದು. ಈ ಲೆಕ್ಕ ಹಿಡಿದರೆ ಹಾಸನದ ಅರ್ಧ ಅಗ್ರಹಾರವನ್ನು ಶಿಬಿರಕ್ಕೆ ಸೇರಿಸಬೇಕಾಗುತ್ತದೆ. ಹುಡುಗಿಯರಿಗೆ ಗುಲಾಬಿ ಬಣ್ಣದ ಬಟ್ಟೆ, ಹುಡುಗರಿಗೆ ನೀಲಿ. ಹುಡುಗಿಯರು ನೆಲ ಉಜ್ಜಬೇಕು, ಹುಡುಗರು ಕಾರು ರಿಪೇರಿ ಮಾಡಬೇಕು, ಸೌದೆ ಒಡೆಯಬೇಕು. ಹೆಣ್ಣಿನ ವೇಷದ ಕಲಾವಿದ ಅಂತಲೇ ಹೆಸರಾದ ರುಪಾಲ್‌ಗೆ ಇಲ್ಲಿ ‘ವಾಸಿಯಾದ ಗಂಡಸಿನ’ ಪಾತ್ರ. ನಗಿಸುತ್ತಲೇ ಆ ಚಿತ್ರ ಶಿಬಿರದ ಲಂಗೋಟಿ ಬಿಚ್ಚುತ್ತದೆ. ನಿಮ್ಮ ಆರು ಪುಟದಲ್ಲಿ ನನಗೆ ಒಂದೇ ಒಂದು ಸಲ ನಗು ಬಂತು, ಅದೂ ಒಂದು ಕಾಗುಣಿತದ ತಪ್ಪಿಗೆ.

ಶೆಟ್ಟಿಹಳ್ಳಿಯ ಚರ್ಚಿನ ಫೋಟೊ ಜೊತೆಗಿಟ್ಟಿದ್ದೀರಿ. ಚೆನ್ನಾಗಿದೆ, ಆದರೆ ವಾಪಸ್ ಕಳಿಸುತ್ತಿದ್ದೇನೆ. ಆ ಚರ್ಚು ಯಾವ ಮಗುವಿಗೂ ಏನೂ ಮಾಡಿದ್ದಲ್ಲ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ್ದಕ್ಕೆ ಮುಳುಗಿತು, ಪಾಪ. ಪಾಳು ಗೋಡೆ, ಮಂಜು, ಶಿಲುಬೆ ಹಾಕಿದರೆ ಕೆಟ್ಟದ್ದು ಎಲ್ಲೋ ದೂರದ ಭೂತಬಂಗಲೆಯಲ್ಲಿ ನಡೆಯುತ್ತದೆ ಅನ್ನಿಸಿಬಿಡುತ್ತದೆ. ‘ಬಾಯ್ ಇರೇಸ್ಡ್’ನಲ್ಲಿ ಟ್ಯೂಬ್‌ಲೈಟ್ ಹಾಕಿದ ಹಾಲ್ ಇದೆ, ಸಾಲಾಗಿ ಕುರ್ಚಿ ಇದೆ. ನಮ್ಮ ಯಾವುದೇ ಸಮುದಾಯ ಭವನದ ಹಾಗೆ. ಇನ್ನೊಂದು ಮಾತು. ಇಡೀ ಲೇಖನದಲ್ಲಿ ತಪ್ಪೆಲ್ಲ ‘ಅವರ’ ಧರ್ಮದ್ದು ಅನ್ನುವ ಧಾಟಿ ಇದೆ. ಆ ಧಾಟಿ ನಮ್ಮ ಪತ್ರಿಕೆಯಲ್ಲಿ ನಡೆಯುವುದಿಲ್ಲ. ಅದನ್ನು ಸುಳ್ಳು ಅನ್ನಲು ನಿಮ್ಮದೇ ಕವರಿಂಗ್ ಲೆಟರ್ ಸಾಕು.

ಹೌದು, ಆ ಪತ್ರ. ಲೇಖನದ ಮೇಲೆ ಪಿನ್ ಮಾಡಿದ್ದ ಅರ್ಧ ಹಾಳೆ. ಈ ವಿಷಯ ಯಾಕೆ ತೆಗೆದುಕೊಂಡೆ ಅಂತ ಅದರಲ್ಲಿ ಬರೆದಿದ್ದೀರಿ. ನಿಮ್ಮ ನೆಂಟರ ಹುಡುಗನ ಮೊಬೈಲಿನಲ್ಲಿ ಏನೋ ಸಿಕ್ಕಿತು. ಮನೆಯವರು ವ್ಯಾನ್ ಮಾಡಿಕೊಂಡು ದೇವರು ಕೇಳಿಸಲು ಹೊರಟರು. ನಿಮ್ಮನ್ನೂ ಕರೆದರು, ಹೋದಿರಿ. ‘ದಾರಿಯುದ್ದಕ್ಕೂ ಅವನ ಅಮ್ಮ ಕಿತ್ತಳೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ಅವನ ಕೈಗೆ ಇಡುತ್ತಿದ್ದರು. ಅವನು ಬೇಡ ಅನ್ನದೆ ತಿನ್ನುತ್ತಿದ್ದ’ ಅಂತ ಒಂದು ಸಾಲು.

ಮಾರಾಯರೇ, ಇದು ಲೇಖನದಲ್ಲಿ ಯಾಕಿಲ್ಲ?

‘ಬಾಯ್ ಇರೇಸ್ಡ್’ ನಿಂತಿರುವುದು ಇಂಥದ್ದರ ಮೇಲೇ. ಮಗ ಹಗಲು ಶಿಬಿರದಲ್ಲಿ ಇರುತ್ತಾನೆ, ರಾತ್ರಿ ಹೋಟೆಲ್ ರೂಮಿನಲ್ಲಿ ಅಮ್ಮನ ಜೊತೆ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಮಗನ ವಿಷಯ ಗೊತ್ತಾದ ರಾತ್ರಿ ಚರ್ಚಿನ ಹಿರಿಯರನ್ನು ಮನೆಗೆ ಕರೆಸಿ ಏನು ಮಾಡೋಣ ಅಂತ ಕೇಳುತ್ತಾನೆ. ನಮ್ಮಲ್ಲೂ ನಾಲ್ಕು ಜನ ಹಿರಿಯರನ್ನು ಕೇಳುತ್ತಾರೆ, ಆಮೇಲೆ ದೇವರ ಹತ್ತಿರ ಹೂ ಕೇಳುತ್ತಾರೆ. ಬಲಗಡೆ ಹೂ ಬಿತ್ತು ಅಂದರೆ ಮುಗಿಯಿತು. ಆ ಅಮ್ಮ ಕೊನೆಗೆ ಶಿಬಿರದ ಬಾಗಿಲಿಗೆ ಬಂದು ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾಳೆ. ಕರೆತಂದವಳೂ ಅವಳೇ. ನೀವು ಅಪ್ಪ ಅಮ್ಮಂದಿರನ್ನೆಲ್ಲ ‘ಮತಾಂಧ ಪೋಷಕರು’ ಅನ್ನುವ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದೀರಿ. ಕಿತ್ತಳೆ ಸುಲಿದು ಕೊಡುವ ಅಮ್ಮ ಆ ಚೀಲದಲ್ಲಿ ಹಿಡಿಸುತ್ತಾರಾ?

ವಾಸಿ ಮಾಡುತ್ತೇವೆ ಅಂದವರ ಕತೆಯನ್ನೂ ಎರಡು ಸಾಲಿನಲ್ಲಿ ಸೇರಿಸಿ. ಇಂಥ ಗುಂಪುಗಳಿಗೆಲ್ಲ ತಾಯಿಬೇರಿನಂತಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ 2013ರಲ್ಲಿ ಕ್ಷಮೆ ಕೇಳಿ ಬಾಗಿಲು ಹಾಕಿತು. ಲವ್ ಇನ್ ಆ್ಯಕ್ಷನ್ ನಡೆಸುತ್ತಿದ್ದ ಜಾನ್ ಸ್ಮಿಡ್ ಮುಂದೆ ಒಬ್ಬ ಗಂಡಸನ್ನೇ ಮದುವೆಯಾದರು.

ನನ್ನದೂ ಒಂದು ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಬೇರೊಂದು ಪತ್ರಿಕೆಯಲ್ಲಿ ಓದುಗರ ಪ್ರಶ್ನೋತ್ತರ ನೋಡಿಕೊಳ್ಳುತ್ತಿದ್ದೆ. ಆ ವಾರ ಡಾಕ್ಟರ ಉತ್ತರ ಬರಲಿಲ್ಲ. ಹೆಣ್ಣಿನ ಮೇಲೆ ಮನಸ್ಸೇ ಹೋಗುತ್ತಿಲ್ಲ ಅಂತ ಒಬ್ಬ ಹುಡುಗ ಇನ್‌ಲ್ಯಾಂಡ್ ಲೆಟರ್ ಬರೆದಿದ್ದ. ಪುಟ ತುಂಬಬೇಕಿತ್ತು. ‘ಬೇಗ ಮದುವೆಯಾಗಿ, ಎಲ್ಲ ಸರಿಹೋಗುತ್ತದೆ’ ಅಂತ ನಾನೇ ಬರೆದು ಅಚ್ಚಿಗೆ ಕಳಿಸಿದೆ. ಆ ಲೆಟರಿನ ನೀಲಿ ಇಂಕು, ಅಡಿಗೆರೆ ಎಳೆದಿದ್ದ ‘ದಯವಿಟ್ಟು’ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಮದುವೆಯಾದನೋ ಏನೋ. ಆಗಿದ್ದರೆ, ಆ ಹೆಣ್ಣುಮಗಳೂ ಇದ್ದಾಳಲ್ಲ.

ಇನ್ನು ಗುರುತಿನ ವಿಷಯ. ಪತ್ರದಲ್ಲಿ ಹುಡುಗನ ಕಾಲೇಜು, ಅವನ ಅಪ್ಪ ಕೆಲಸ ಮಾಡುವ ಎಸ್ಟೇಟು, ವ್ಯಾನ್ ಹತ್ತಿದ ಸರ್ಕಲ್ಲು ಎಲ್ಲ ಬರೆದಿದ್ದೀರಿ. ಬೆಳಿಗ್ಗೆ ಇದು ಅಚ್ಚಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಯಾರು ಅಂತ ಇಡೀ ತಾಲ್ಲೂಕಿಗೆ ಗೊತ್ತಾಗುತ್ತದೆ. ಮೊಬೈಲು ನೋಡಿ ಮನೆಯವರು ಒಂದು ಸಲ ಬಯಲಿಗೆ ಎಳೆದಾಯಿತು, ಎರಡನೇ ಸಲ ನಾವು ಎಳೆಯುವುದು ಬೇಡ. ಊರು, ಕೆಲಸ, ಸಂಬಂಧ ಎಲ್ಲ ಬದಲಿಸಿ. ಆದರೆ ಕೈ ಏನು ಮಾಡುತ್ತಿತ್ತು ಅನ್ನುವುದನ್ನು ಬದಲಿಸಬೇಡಿ. ನಾನು ಇಲ್ಲಿ ಅದನ್ನೇ ಮಾಡಿದ್ದೇನೆ. ನಿಮ್ಮ ಪತ್ರದಲ್ಲಿ ಇದ್ದದ್ದು ಕಿತ್ತಳೆ ಅಲ್ಲ, ನಿಮಗೆ ಗೊತ್ತು.

ಎಲ್ಲಕ್ಕಿಂತ ಮೊದಲು ಆ ಹುಡುಗನನ್ನು ಕೇಳಿ. ಬರೆದದ್ದನ್ನು ಅವನಿಗೆ ಓದಿ ಹೇಳಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ. ಅವನು ಬೇಡ ಅಂದರೆ ಬೇಡ, ಆಗ ಮೂರು ಸಿನಿಮಾಗಳ ಬಗ್ಗೆ ಮಾತ್ರ ಬರೆಯಿರಿ, ಮಂಜುಗಡ್ಡೆಯ ಹಾಳೆಯಿಂದ ಶುರು ಮಾಡಿ. ಹೂಂ ಅಂದರೆ ವ್ಯಾನಿನಿಂದ ಶುರು ಮಾಡಿ. ಎರಡರಲ್ಲಿ ಯಾವುದಾದರೂ ಮೂರು ಪುಟ ಸಾಕು. ತಲೆಬರಹ ನಾನು ನೋಡಿಕೊಳ್ಳುತ್ತೇನೆ.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿ ಕಳಿಸಿ. ಈ ಸಲ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ‘ಪ್ರಾರ್ಥನೆ’ ಅನ್ನುವುದನ್ನು ಓದಲು ನನಗೆ ಐದು ನಿಮಿಷ ಹಿಡಿಯಿತು.

ಇಂತಿ,
ಸಂಪಾದಕ
ಹಾಸನ